ತರಗತಿಯ ಮೂಲೆಯಿಂದ ಬಂದ ಬೆಳ್ಳಿ, ಬೆಲ್ಲ

ಆ ಶಾಲೆಯವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ತರಗತಿಯ ಗೋಡೆಯ ಮೇಲೆ ಬಣ್ಣಬಣ್ಣದ ಚಾರ್ಟ್ ಇತ್ತು. ಸೋಮವಾರ ಯಾರು ನೀರು ಹಾಕಬೇಕು, ಮಂಗಳವಾರ ಯಾರು ಗಿನಿಪಿಗ್ ಗೂಡು ಗುಡಿಸಬೇಕು, ಎಲ್ಲ ಬರೆದಿತ್ತು. ಮಕ್ಕಳ ಹೆಸರಿನ ಪಕ್ಕ ನಕ್ಷತ್ರದ ಸ್ಟಿಕ್ಕರ್ ಬೇರೆ. ದೊಡ್ಡವರ ಹೆಸರು ಮಾತ್ರ ಒಂದೂ ಇರಲಿಲ್ಲ. ಆಮೇಲೆ ನಡೆದದ್ದಕ್ಕೆಲ್ಲ ನಾನು ಕೊಡುವ ಕಾರಣ ಇದೊಂದೇ.

ನನ್ನ ಮನೆಯಲ್ಲಿ ಹಿಂದೆ ಗಿನಿಪಿಗ್‌ಗಳಿದ್ದವು. ಅದು ಪರಿಚಯದವರಿಗೆಲ್ಲ ಗೊತ್ತು. ವರ್ಷದ ನಡುವೆ ಆ ತರಗತಿಗೆ ಹೊಸದಾಗಿ ಬಂದ ಟೀಚರ್ ಒಬ್ಬರು ಯಾರನ್ನೋ ಕೇಳಿ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. 'ನಮ್ಮ ಕ್ಲಾಸಲ್ಲಿ ಎರಡು ಗಿನಿಪಿಗ್ ಇದಾವೆ. ಒಂದು ಕೆರ್ಕೊಂಡು ಕೆರ್ಕೊಂಡು ಫಿಟ್ಸ್ ಬಂದ ಹಾಗೆ ಬೀಳತ್ತೆ. ಇದು ಮಾಮೂಲಾ ಮೇಡಂ?' ಅಂತ ಕೇಳಿದರು. ಮಾಮೂಲಲ್ಲ ಅಂದೆ. ಮಾರನೇ ದಿನವೇ ಹೋದೆ.

ಕಿಟಕಿ ಪಕ್ಕದ ಮೂಲೆ. ಮಧ್ಯಾಹ್ನದ ಬಿಸಿಲು ನೇರ ಗೂಡಿನ ಮೇಲೆ ಬೀಳುತ್ತಿತ್ತು. ಗೂಡಿನ ತಳ ತಂತಿಯದು. ಅದರ ಮೇಲೆ ಹಾಸಿದ್ದ ಕಾಗದ ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿ ಗಟ್ಟಿಯಾಗಿತ್ತು. ಬಗ್ಗಿದರೆ ಕಣ್ಣು ಉರಿಯುವಷ್ಟು ಮೂತ್ರದ ನಾತ. ನೀರಿನ ಬಾಟಲಿ ತುಂಬಿಯೇ ಇತ್ತು. ತುಂಬಿದೆ ಅಂತ ಮಕ್ಕಳು ನೀರು ಬದಲಿಸಿರಲಿಲ್ಲ. ನಾನು ಕೊಳವೆಯ ತುದಿಯ ಗುಂಡನ್ನು ಬೆರಳಿನಿಂದ ಒತ್ತಿದೆ. ಅಲುಗಲೇ ಇಲ್ಲ. ಒಳಗೆ ಪಾಚಿ ಕಟ್ಟಿಕೊಂಡು ಸಿಕ್ಕಿಹಾಕಿಕೊಂಡಿತ್ತು. ತಟ್ಟೆಯಲ್ಲಿ ಬೀಜ, ಬಣ್ಣದ ಚೂರುಗಳ ಮಿಶ್ರಣ. ಒಣಹುಲ್ಲು ಒಂದೆಳೆಯೂ ಇಲ್ಲ.

ಬಿಳಿಯದರ ಹೆಸರು ಬೆಳ್ಳಿ, ಕಂದು ಬಣ್ಣದ್ದು ಬೆಲ್ಲ. ಮಕ್ಕಳಿಟ್ಟ ಹೆಸರು, ಚೆನ್ನಾಗಿಯೇ ಇಟ್ಟಿದ್ದರು. ಬೆಲ್ಲದ ಬೆನ್ನು ಮತ್ತು ಪಕ್ಕೆಯಲ್ಲಿ ಕೂದಲು ಉದುರಿ, ಚರ್ಮ ಹೊಟ್ಟು ಹೊಟ್ಟಾಗಿ, ಕೆರೆದಲ್ಲೆಲ್ಲ ಗಾಯವಾಗಿತ್ತು. ಎರಡರ ಉಗುರೂ ಬೆಳೆದು ಪಕ್ಕಕ್ಕೆ ಸುರುಳಿ ಸುತ್ತಿದ್ದವು. ನಾನು ಕೈ ಹಾಕಿ ಎತ್ತಿಕೊಂಡಾಗ ಬೆಳ್ಳಿ ಸ್ವಲ್ಪವೂ ಕೊಸರಾಡಲಿಲ್ಲ. 'ಆಂಟಿ, ಅದು ತುಂಬಾ ಸಾಧು. ಯಾರು ಎತ್ಕೊಂಡ್ರೂ ಸುಮ್ನೆ ಇರತ್ತೆ' ಅಂದಳು ಒಬ್ಬ ಹುಡುಗಿ, ಹೆಮ್ಮೆಯಿಂದ.

ಗಿನಿಪಿಗ್ ಬೇರೆ ಪ್ರಾಣಿಗಳಿಗೆ ಆಹಾರವಾಗಿ ಬದುಕಿ ಬಂದ ಜಾತಿ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆಯದು. ಹೆದರಿದಾಗ ಓಡುತ್ತದೆ. ಓಡಲು ಜಾಗವಿಲ್ಲದಿದ್ದರೆ ಕಲ್ಲಿನ ಹಾಗೆ ಅಲುಗಾಡದೆ ಕೂರುತ್ತದೆ. ಮೂವತ್ತು ನಲವತ್ತು ಮಕ್ಕಳ ಕೈ ದಾಟಿ ದಾಟಿ ಬಂದ ಪ್ರಾಣಿ ಸುಮ್ಮನಿದ್ದರೆ ಅದಕ್ಕೆ ಖುಷಿಯಾಗಿದೆ ಅಂತಲ್ಲ. ನನ್ನ ಅಂಗೈಗೆ ಬೆಳ್ಳಿಯ ಎದೆ ತಾಗುತ್ತಿತ್ತು. ಬಡಿತ ಎಣಿಸಲಾಗದಷ್ಟು ಜೋರು. ಆ ಹುಡುಗಿಯ ಕೈಯನ್ನು ತೆಗೆದುಕೊಂಡು ಅಲ್ಲಿಗೆ ಮೆತ್ತಗೆ ಇಟ್ಟೆ. ಅವಳ ಮುಖ ಸಪ್ಪಗಾಯಿತು. ಏನೂ ಹೇಳಬೇಕಾಗಲಿಲ್ಲ.

ಕರೆದುಕೊಂಡು ಹೋಗುತ್ತೇನೆ ಅಂದ ಕೂಡಲೇ ಎದ್ದದ್ದು, ಈ ಪ್ರಾಣಿಗಳು ಯಾರವು ಅನ್ನುವ ಪ್ರಶ್ನೆ. ಹಳೆಯ ವಿದ್ಯಾರ್ಥಿಯೊಬ್ಬನ ಮನೆಯವರು ಕೊಟ್ಟು ಹೋದದ್ದಂತೆ. ಆ ಹುಡುಗ ಆಗಲೇ ಬೇರೆ ಶಾಲೆಗೆ ಸೇರಿಯಾಗಿತ್ತು. ಆಗಿನ ಟೀಚರ್ ಕೆಲಸ ಬಿಟ್ಟಿದ್ದರು. ಹೊಸ ಟೀಚರ್‌ಗೆ ಬೆಂಚು, ಕಪಾಟುಗಳ ಜೊತೆ ಇವೂ ಸಿಕ್ಕಿದ್ದವು. ಮುಖ್ಯೋಪಾಧ್ಯಾಯಿನಿ 'ನೋಡೋಣ, ಆಡಳಿತ ಮಂಡಳಿಯವರನ್ನು ಒಂದ್ಮಾತು ಕೇಳಬೇಕು' ಅಂದರು. ನಾಳೆ, ನಾಡಿದ್ದು ಅಂತ ದಿನ ಹೋಯಿತು. ಅಷ್ಟರಲ್ಲಿ ಟೀಚರ್ ತಮ್ಮ ಮೊಣಕೈ ಒಳಗಿನ ಕೆಂಪು ಗುಳ್ಳೆಗಳನ್ನು ನನಗೆ ತೋರಿಸಿದರು. ಸೊಳ್ಳೆ ಕಡಿತ ಅಂದುಕೊಂಡಿದ್ದರಂತೆ. ಮೂಲೆಯ ಬೆಂಚಿನ ಮಕ್ಕಳಿಗೂ ಹಾಗೇ ಆಗಿತ್ತು. ಗಿನಿಪಿಗ್‌ನ ಕಜ್ಜಿ ಹುಳ ಮನುಷ್ಯರ ಮೈಮೇಲೆ ಸಂಸಾರ ಹೂಡುವುದಿಲ್ಲ, ಆದರೆ ಕೆಲವು ದಿನ ತುರಿಕೆ ಎಬ್ಬಿಸುತ್ತದೆ. ಗಿನಿಪಿಗ್‌ನಿಂದ ಮಕ್ಕಳಿಗೆ ಹುಳುಕಡ್ಡಿ ಕೂಡ ಅಂಟಬಹುದು, ಹಾಗಾಗಿ ಚರ್ಮದ ಡಾಕ್ಟರಿಗೆ ತೋರಿಸಿ ಅಂದೆ. ಆ ಮಧ್ಯಾಹ್ನವೇ ಸಹಿ ಬಿತ್ತು. ಪ್ರಾಣಿ ತನ್ನ ಚರ್ಮ ಹರಿದುಕೊಂಡಾಗ ಅಲುಗದ ಕಾಗದ, ಮಕ್ಕಳ ಕೈಯಲ್ಲಿ ಗುಳ್ಳೆ ಎದ್ದಾಗ ಅಲುಗಿತು. ಇರಲಿ.

ಕಾಗದದ ಮಾತು ಬಂದದ್ದರಿಂದ ಹೇಳುತ್ತೇನೆ. ಬಾಯಿಮಾತಿನಲ್ಲಿ ಒಯ್ಯಬೇಡಿ. ಈ ಎರಡು ಪ್ರಾಣಿಗಳ ಪೂರ್ತಿ ಜವಾಬ್ದಾರಿಯನ್ನು ಇಂಥವರಿಗೆ ಬಿಟ್ಟುಕೊಟ್ಟಿದ್ದೇವೆ, ಚಿಕಿತ್ಸೆಯ ತೀರ್ಮಾನ ಅವರದೇ ಅಂತ ಎರಡು ಸಾಲು ಬರೆಸಿಕೊಂಡೆ. ಸಹಿ, ಸೀಲು, ತಾರೀಕು. ಅರಿವಳಿಕೆ ಕೊಡಬೇಕಾದಾಗ, ಏನಾದರೂ ಹೆಚ್ಚುಕಮ್ಮಿಯಾದಾಗ, ಯಾರನ್ನು ಕೇಳಿ ಮಾಡಿದಿರಿ ಅನ್ನುವ ಪ್ರಶ್ನೆ ಬರಬಾರದು. ಗೂಡಿನ ಫೋಟೋ ತೆಗೆದುಕೊಂಡದ್ದು ಡಾಕ್ಟರಿಗೆ ತೋರಿಸಲಿಕ್ಕೆ. ಅದನ್ನು ಊರಿಗೆಲ್ಲ ಹಂಚಿದ್ದರೆ ಆ ಟೀಚರ್ ಮತ್ತೆ ನನಗೆ ಫೋನ್ ಮಾಡುತ್ತಿರಲಿಲ್ಲ. ಮುಂದೆ ಅವರ ಸಹಾಯ ಬೇಕಾಯಿತು.

ನಾಯಿ ಬೆಕ್ಕು ನೋಡುವ ಎಲ್ಲ ಪಶುವೈದ್ಯರಿಗೂ ಗಿನಿಪಿಗ್ ನೋಡಿ ರೂಢಿ ಇರುವುದಿಲ್ಲ. ಫೋನಿನಲ್ಲೇ ಒಂದು ಪ್ರಶ್ನೆ ಕೇಳಿಬಿಡುವುದು ನನ್ನ ಪದ್ಧತಿ: 'ಗಿನಿಪಿಗ್‌ಗೆ ಬಾಯಿ ಮೂಲಕ ಅಮಾಕ್ಸಿಸಿಲಿನ್ ಕೊಡ್ತೀರಾ?' ಗೊತ್ತಿದ್ದವರು ತಕ್ಷಣ ಇಲ್ಲ ಅನ್ನುತ್ತಾರೆ. ಪೆನಿಸಿಲಿನ್ ಜಾತಿಯ ಮದ್ದು ಹೊಟ್ಟೆಗೆ ಹೋದರೆ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ವಿಷ ಉಂಟುಮಾಡುವವು ಏಳುತ್ತವೆ, ಪ್ರಾಣಿಯೇ ಸಾಯಬಹುದು. ತರಗತಿಯಲ್ಲಿ ಯಾರೋ ಒಬ್ಬರು ಮನೆಯಲ್ಲಿ ಉಳಿದಿದ್ದ ಮಕ್ಕಳ ಆ್ಯಂಟಿಬಯಾಟಿಕ್ ಸಿರಪ್ ಹಾಕೋಣ ಅಂದಿದ್ದರಂತೆ. ಟೀಚರ್ ಬೇಡ ಅಂದಿದ್ದರು. ಪುಣ್ಯ.

ನಮಗೆ ಸಿಕ್ಕ ಡಾಕ್ಟರ್ ಮೊದಲು ತೂಗಿದರು. ಬೆಲ್ಲ 590 ಗ್ರಾಂ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ಇರುತ್ತದೆ. ಮೈಮೇಲಿನ ಹೊಟ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು 'ನೋಡ್ತೀರಾ?' ಅಂದರು. ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಉರುಟು ಮೈ, ಮೊಂಡು ಮೊಂಡು ಕಾಲು, ಮೆಲ್ಲಗೆ ಅಲುಗಾಡುತ್ತಿತ್ತು. ಟ್ರಿಕ್ಸಾಕಾರಸ್ ಕೇವಿಯೆ. ಚರ್ಮದೊಳಗೆ ಸುರಂಗ ಕೊರೆಯುವ ಹುಳ. ಇದರ ತುರಿಕೆ ಎಷ್ಟು ಭಯಂಕರ ಅಂದರೆ, ನೋವು ತಾಳದೆ ನಿಜವಾಗಿಯೂ ಫಿಟ್ಸ್ ಬರುತ್ತದೆ. ಟೀಚರ್ ನೋಡಿದ್ದು ಅದನ್ನೇ.

ಹುಳ ಒಂದೇ ಆಗಿದ್ದರೆ ಬೇಗ ಮುಗಿಯುತ್ತಿತ್ತು. ಡಾಕ್ಟರ್ ಬೆಲ್ಲದ ಹಿಂಗಾಲಿನ ಮಂಡಿಯನ್ನು ಸ್ವಲ್ಪ ಒತ್ತಿದರು. ಹಲ್ಲು ಕಟಕಟ ಅಂದಿತು. ವಸಡು ಮುಟ್ಟಿದರೆ ರಕ್ತ. ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ. ಮನುಷ್ಯರ ಹಾಗೆಯೇ ಗಿನಿಪಿಗ್‌ನ ಮೈ ಕೂಡ ವಿಟಮಿನ್ ಸಿ ತಯಾರಿಸಿಕೊಳ್ಳುವುದಿಲ್ಲ. ದಿನವೂ ಹೊಟ್ಟೆಗೆ ಬೀಳಲೇಬೇಕು. ಆರೋಗ್ಯವಾಗಿರುವ ಪ್ರಾಣಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ. ಕಾಯಿಲೆಯಿದ್ದರೆ, ಬಸಿರಿದ್ದರೆ ಇನ್ನೂ ಜಾಸ್ತಿ. ಶಾಲೆಯವರು ನೀರಿನ ಬಾಟಲಿಗೆ ವಿಟಮಿನ್ ಹನಿ ಹಾಕುತ್ತಿದ್ದರು ನಿಜ. ಆದರೆ ಬೆಳಕು, ಗಾಳಿ ತಾಗಿದರೆ ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ಸಾಲದ್ದಕ್ಕೆ ಆ ಬಾಟಲಿಯಿಂದ ನೀರೇ ಬರುತ್ತಿರಲಿಲ್ಲವಲ್ಲ!

ಪಾದದ ಅಡಿ ಕೆಂಪಗೆ ಊದಿತ್ತು. ತಂತಿ ತಳ, ಒದ್ದೆ ಹಾಸು, ಎರಡರ ಫಲ. ಬಾಯೊಳಗೆ ಕೆಳಗಿನ ದವಡೆ ಹಲ್ಲುಗಳು ಎರಡೂ ಕಡೆಯಿಂದ ನಾಲಿಗೆಯ ಮೇಲೆ ಸೇತುವೆಯಂತೆ ಬಾಗಿದ್ದವು. ಗಿನಿಪಿಗ್‌ನ 20 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ಗಂಟೆಗಟ್ಟಲೆ ಅರೆದು ಅರೆದು ಸವೆಸಬೇಕು. ಬೀಜದ ಮಿಶ್ರಣಕ್ಕೆ ಆ ಕೆಲಸವಿಲ್ಲ. ತಟ್ಟೆಯ ಹತ್ತಿರ ಓಡಿ ಬಂದು, ಬಾಯಿ ಹಾಕಿ, ಬಿಟ್ಟು ಹೋಗುವುದನ್ನು ಮಕ್ಕಳು ನೋಡಿದ್ದರು. 'ಬೆಲ್ಲಂಗೆ ಹಟ ಜಾಸ್ತಿ' ಅಂತ ನಗುತ್ತಿದ್ದರಂತೆ.

ಆಮೇಲೆ ಡಾಕ್ಟರ್ ಎರಡನ್ನೂ ತಿರುಗಿಸಿ ನೋಡಿ ನಕ್ಕರು. ಅಕ್ಕತಂಗಿ ಅಂತ ಶಾಲೆಗೆ ಬಂದ ಜೋಡಿಯಲ್ಲಿ ಬೆಲ್ಲ ಗಂಡು. ಬೆಳ್ಳಿ ಬಸುರಿ. ಟೀಚರ್‌ಗೆ ಫೋನ್ ಮಾಡಿದೆ. ಅವರು ಮಕ್ಕಳನ್ನು ಕೇಳಿದರು. 'ಹೌದು ಮಿಸ್, ಹೋದ ವರ್ಷನೂ ಮರಿ ಹಾಕಿತ್ತಲ್ಲ, ಮೂರು. ಚೀಟಿ ಎತ್ತಿ ಮನೆಗೆ ತಗೊಂಡು ಹೋದ್ವಿ.' ಒಂದು ಲೆಕ್ಕದಲ್ಲಿ ಅದು ನೆಮ್ಮದಿಯ ಸುದ್ದಿ. ಹೆಣ್ಣು ಗಿನಿಪಿಗ್‌ಗೆ ಏಳೆಂಟು ತಿಂಗಳು ದಾಟಿದ ಮೇಲೆ ಮೊದಲ ಬಸಿರಾದರೆ ಸೊಂಟದ ಮೂಳೆಯ ಕೀಲು ಬಿಗಿದುಕೊಂಡಿರುತ್ತದೆ, ಹೆರಿಗೆಯಲ್ಲಿ ತಾಯಿ ಮರಿ ಎರಡೂ ಹೋಗಬಹುದು. ಬೆಳ್ಳಿಗೆ ಇದು ಮೊದಲನೆಯದಲ್ಲ. ಆದರೆ ಆ ಮೂರು ಮರಿಗಳು ಎಲ್ಲಿ? ಅದು ತಲೆಯಲ್ಲಿ ಕೊರೆಯುತ್ತಾ ಉಳಿಯಿತು.

ಮನೆಗೆ ತಂದ ಮೇಲಿನ ದಿನಗಳು ಬರೀ ತಕ್ಕಡಿ ಮತ್ತು ಸಿರಿಂಜ್. ಇಬ್ಬರನ್ನೂ ಬೇರೆ ಮಾಡಿದೆ, ನಡುವೆ ಒಂದು ಜಾಲರಿ. ಒಬ್ಬರ ವಾಸನೆ ಒಬ್ಬರಿಗೆ ಸಿಗಬೇಕು, ಸೇರಬಾರದು. ಹೆತ್ತ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಬಸಿರಾಗಬಲ್ಲದು. ತಳಕ್ಕೆ ದಪ್ಪ ಬಟ್ಟೆ, ಮೇಲೆ ಒಣಹುಲ್ಲಿನ ಗುಡ್ಡೆ, ಅಡಗಿಕೊಳ್ಳಲು ಎರಡು ಬಾಗಿಲಿನ ರಟ್ಟಿನ ಡಬ್ಬ. ಒಂದೇ ಬಾಗಿಲಿದ್ದರೆ ಒಳಗೆ ಸಿಕ್ಕಿಬಿದ್ದೆ ಅಂತ ಹೆದರುತ್ತವೆ. ಹುಳಕ್ಕೆ ಚುಚ್ಚುಮದ್ದು, ಕೆಲವು ದಿನ ಬಿಟ್ಟು ಮತ್ತೊಂದು. ಮೊಟ್ಟೆಯಿಂದ ಹೊಸದಾಗಿ ಬಂದವೂ ಸಾಯಬೇಕಲ್ಲ. ಬೆಳ್ಳಿ ಬಸುರಿಯಾದ್ದರಿಂದ ಅವಳ ಮದ್ದನ್ನು ಡಾಕ್ಟರ್ ಬೇರೆಯೇ ಲೆಕ್ಕ ಹಾಕಿ ಕೊಟ್ಟರು. ಕೊಳಕಾಗಿವೆ ಅಂತ ಸ್ನಾನ ಮಾಡಿಸಲು ಹೋಗಲಿಲ್ಲ. ಆ ಸ್ಥಿತಿಯಲ್ಲಿ ನೀರಿಗಿಳಿಸಿದರೆ ಶೀತ, ಗಾಬರಿ ಎರಡೂ ಹೆಚ್ಚು.

ಬೆಲ್ಲನ ಹಲ್ಲಿಗೆ ಅರಿವಳಿಕೆ ಬೇಕಾಯಿತು. ಆಸ್ಪತ್ರೆಯಲ್ಲಿ ಕೊಟ್ಟ ಅಚ್ಚಿನ ಹಾಳೆಯಲ್ಲಿ 'ಹಿಂದಿನ ರಾತ್ರಿಯಿಂದ ಆಹಾರ ಕೊಡಬೇಡಿ' ಅಂತಿತ್ತು. ಡಾಕ್ಟರ್ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿದರು. ಅದು ನಾಯಿ ಬೆಕ್ಕಿಗೆ. ಗಿನಿಪಿಗ್ ವಾಂತಿ ಮಾಡುವುದಿಲ್ಲ, ಅದರ ಕರುಳು ಸದಾ ನಡೆಯುತ್ತಿರಬೇಕು. ಅರ್ಧ ದಿನ ಏನೂ ತಿನ್ನದಿದ್ದರೆ ಅದೇ ತುರ್ತು. ಹಲ್ಲು ಅರೆಸಿಕೊಂಡು ಬಂದ ಮೇಲೆ ಬೆಲ್ಲ ಪೂರ್ತಿ ತಿನ್ನುವುದನ್ನೇ ಬಿಟ್ಟ. ಹುಲ್ಲಿನ ಪುಡಿಯ ಪಥ್ಯದ ಆಹಾರವನ್ನು ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಕೊಡಬೇಕು. ಎದುರಿನಿಂದ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಚಿಹಲ್ಲಿನ ಹಿಂದೆ, ಕೆನ್ನೆಯ ಪಕ್ಕದಿಂದ, ಒಂದು ಚೂರು. ಅವನು ಅಗಿಯುವ ತನಕ ಕಾಯಬೇಕು. ಮತ್ತೊಂದು ಚೂರು. ರಾತ್ರಿಯೂ ಎದ್ದು ಕೊಟ್ಟೆ. ಅರ್ಧ ನನ್ನ ಮಡಿಲಿಗೆ, ಕಾಲು ಭಾಗ ಅವನ ಗದ್ದಕ್ಕೆ. ಆಮೇಲೆ ಅವನು ಒಂದು ಕೆಲಸ ಮಾಡುತ್ತಿದ್ದ: ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಒಸರಿಸಿ, ಎರಡೂ ಮುಂಗಾಲಿಂದ ಬಳಿದು ಮುಖ ತೊಳೆದುಕೊಳ್ಳುತ್ತಿದ್ದ. ಮೊದಲ ಸಲ ನೋಡುವವರು ಕಣ್ಣಿಗೆ ಏನೋ ರೋಗ ಅಂತ ಗಾಬರಿಯಾಗುತ್ತಾರೆ. ರೋಗವಲ್ಲ. ಮುಖ ತೊಳೆಯುವ ಮನಸ್ಸಾಗಿದೆ ಅಂದರೆ ಒಳ್ಳೆಯ ಲಕ್ಷಣ.

ದಿನವೂ ಒಂದೇ ಹೊತ್ತಿಗೆ ತೂಗಿ ಟೀಚರ್‌ಗೆ ಕಳಿಸುತ್ತಿದ್ದೆ. ಅವರು ಅದನ್ನು ತರಗತಿಯಲ್ಲಿ ಗ್ರಾಫ್ ಮಾಡಿಸಿದರು. ಇದು ನನ್ನ ಐಡಿಯಾ ಅಲ್ಲ, ಅವರದೇ. ಮಕ್ಕಳು ಹಲ್ಲಿನ ಚಿಕಿತ್ಸೆಯ ಹತ್ತಿರ ಗೆರೆ ಇಳಿದದ್ದನ್ನು ಹಿಡಿದು, ಯಾಕೆ ಇಳಿಯಿತು ಅಂತ ಕೇಳಿ ಕಳಿಸಿದರು. ಗೂಡು ಮೂಲೆಯಲ್ಲಿದ್ದಾಗ ಆ ಪ್ರಾಣಿಯನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಒಂದು ಬೆಳಿಗ್ಗೆ ಕೊತ್ತಂಬರಿ ಸೊಪ್ಪಿನ ಕವರ್ ಸರಕ್ ಅಂದದ್ದೇ ತಡ, ಜಾಲರಿಯ ಆ ಕಡೆಯಿಂದ ಬೆಲ್ಲ 'ವೀಕ್ ವೀಕ್' ಅಂತ ಕೂಗಿದ. ಬೆಳ್ಳಿಯೂ ದನಿಗೂಡಿಸಿದಳು. ಅದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಮಕ್ಕಳು ನಂಬಲಿಲ್ಲವಂತೆ. ಅವಕ್ಕೆ ಅಷ್ಟು ಜೋರು ಗಂಟಲಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಬೆಳ್ಳಿ ಮೂರು ಮರಿ ಹಾಕಿದಳು. ಒಂದು ಹುಟ್ಟುವಾಗಲೇ ಸತ್ತಿತ್ತು. ಉಳಿದೆರಡು ಮೈತುಂಬ ಕೂದಲು, ತೆರೆದ ಕಣ್ಣು, ಹಲ್ಲು ಎಲ್ಲ ಇಟ್ಟುಕೊಂಡೇ ಬಂದವು. ಅವತ್ತೇ ಹುಲ್ಲು ಕಡಿಯಲು ನೋಡಿದವು. ಒಂದು ಹೆಣ್ಣು, ಒಂದು ಗಂಡು. ಮೂರು ವಾರಕ್ಕೆ ಗಂಡನ್ನು ತಾಯಿಯಿಂದ ಬೇರೆ ಮಾಡಬೇಕು, ಇಲ್ಲದಿದ್ದರೆ ಅದೇ ಕಥೆ ಮತ್ತೆ. ಅವನನ್ನು ಬೆಲ್ಲನ ಕಡೆ ಬಿಟ್ಟೆ. ದೊಡ್ಡ ಗಂಡು ಮರಿಯನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಬೆಲ್ಲ ಗುರುಗುಟ್ಟುತ್ತಾ ಸೊಂಟ ಕುಣಿಸಿ ಯಜಮಾನಿಕೆ ತೋರಿಸಿದ, ಮರಿ ಅವನ ಹೊಟ್ಟೆಯಡಿ ನುಗ್ಗಿತು, ಅಲ್ಲಿಗೆ ರಾಜಿಯಾಯಿತು. ಈಗ ಅಪ್ಪ ಮಗ ಒಂದು ಕಡೆ, ತಾಯಿ ಮಗಳು ಒಂದು ಕಡೆ.

ಹುಷಾರಾದವು ಅಂತ ತಿಳಿದ ಮೇಲೆ ಮುಖ್ಯೋಪಾಧ್ಯಾಯಿನಿ ಕರೆಸಿದರು. 'ವಾಪಸ್ ಕೊಡ್ತೀರಲ್ವಾ? ಮಕ್ಕಳಿಗೆ ಜವಾಬ್ದಾರಿ ಕಲಿಸೋಕೆ ಅಂತ ಇಟ್ಟಿದ್ದು.' ಕೊಡುವುದಿಲ್ಲ ಅನ್ನುವ ಬದಲು ಏನೇನು ಬೇಕು ಅಂತ ಹೇಳಿದೆ. ಶುಕ್ರವಾರ ಸಂಜೆಯಿಂದ ಸೋಮವಾರದ ತನಕ ಯಾರು ನೋಡುತ್ತಾರೆ? ಬಾಗಿಲು ಕಿಟಕಿ ಮುಚ್ಚಿದ ಕೋಣೆ ಎಷ್ಟು ಕಾಯುತ್ತದೆ? ಗಿನಿಪಿಗ್‌ಗೆ 18ರಿಂದ 24 ಡಿಗ್ರಿ ಹಿತ. 30ರ ಹತ್ತಿರ ಹೋದರೆ ಬಿಸಿಲಾಘಾತಕ್ಕೆ ಸಾಯಬಹುದು. ಗಂಟೆ, ಗಲಾಟೆ, ಬೆಂಚು ಎಳೆಯುವ ಸದ್ದು, ಇವೆಲ್ಲ ನಮಗಿಂತ ಸೂಕ್ಷ್ಮ ಕಿವಿಯ ಪ್ರಾಣಿಗೆ ದಿನವಿಡೀ. ರಜೆಯಲ್ಲಿ ಯಾರ ಮನೆ? ಡಾಕ್ಟರ್ ಖರ್ಚು ಯಾವ ಲೆಕ್ಕದಲ್ಲಿ? ಇವು ಐದರಿಂದ ಎಂಟು ವರ್ಷ ಬದುಕುತ್ತವೆ. ಮಕ್ಕಳು ಪ್ರತಿ ವರ್ಷ ಮುಂದಿನ ತರಗತಿಗೆ ಹೋಗುತ್ತಾರೆ. ಇದಕ್ಕೆಲ್ಲ ಉತ್ತರಿಸುವ ಒಬ್ಬ ದೊಡ್ಡವರ ಹೆಸರು ಬರೆದುಕೊಡಿ ಅಂದೆ.

ಮಗು ಮರೆಯುತ್ತದೆ. ಮರೆಯುವುದು ಮಗುವಿನ ತಪ್ಪಲ್ಲ. ಗಿಡಕ್ಕೆ ನೀರು ಹಾಕಲು ಮರೆತರೆ ಎಲೆ ಬಾಡುತ್ತದೆ, ನಾಳೆ ಹಾಕಬಹುದು. ಇಲ್ಲಿ ಹಾಗಲ್ಲ. ಅದಕ್ಕೇ ಬ್ರಿಟನ್‌ನ 2006ರ ಪ್ರಾಣಿ ಕಲ್ಯಾಣ ಕಾಯ್ದೆ, 16 ವರ್ಷದೊಳಗಿನವರು ಸಾಕಿದ ಪ್ರಾಣಿಗೆ ಆ ಮಗುವನ್ನು ನೋಡಿಕೊಳ್ಳುವ ದೊಡ್ಡವರನ್ನೇ ಹೊಣೆ ಮಾಡುತ್ತದೆ. ಹಾಗಂತ ಯಾವ ತರಗತಿಯಲ್ಲೂ ಪ್ರಾಣಿ ಇರಲೇಬಾರದು ಅಂತ ನಾನು ಹೇಳುವುದಿಲ್ಲ. ಟೀಚರ್ ಒಬ್ಬರು ತಮ್ಮದೇ ಪ್ರಾಣಿ ಅಂತ ಸಾಕಿ, ಅದರ ಮನೆ ತಮ್ಮ ಮನೆಯಲ್ಲೇ ಇದ್ದು, ಮಕ್ಕಳಿಗೆ ಅದರ ಪರಿಚಯ ಮಾತ್ರ ಮಾಡಿಸಿದರೆ ನಡೆಯಬಹುದು. ಅಂಥವರು ಕಡಿಮೆ. ಈ ಶಾಲೆಯಲ್ಲಿ ಹೆಸರು ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ. ಹೊಸ ಟೀಚರ್ ಕೂಡ. 'ನನ್ನಿಂದಾಗಲ್ಲ ಮೇಡಂ' ಅಂತ ನೇರವಾಗಿ ಹೇಳಿದರು. ಆ ನೇರ ಮಾತು ನನಗೆ ಇಷ್ಟವಾಯಿತು.

ಹೋದ ವರ್ಷದ ಮರಿಗಳನ್ನು ಹುಡುಕಿದ್ದೂ ಅವರೇ, ಪೋಷಕರಿಗೆ ಚೀಟಿ ಕಳಿಸಿ. ಒಂದು ಬಿಸಿಲಿಗೆ ಸತ್ತಿತ್ತು. ಇನ್ನೊಂದರ ಸುಳಿವೇ ಸಿಗಲಿಲ್ಲ. ಮೂರನೆಯದು, ಒಂದು ಹೆಣ್ಣು, ಒಬ್ಬಂಟಿಯಾಗಿ ಒಬ್ಬ ಹುಡುಗನ ಮನೆಯಲ್ಲಿತ್ತು. ಪ್ರೀತಿಯಿಂದಲೇ ಸಾಕಿದ್ದರು, ಒಂಟಿಯಾಗಿ ಇಡಬಾರದು ಅಂತ ಮಾತ್ರ ಗೊತ್ತಿರಲಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ 2008ರಿಂದ ಗಿನಿಪಿಗ್ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ ಅಂದಾಗ ಆ ಹುಡುಗನ ಅಪ್ಪ ನಕ್ಕುಬಿಟ್ಟರು. ಆಮೇಲೆ ನಮ್ಮಲ್ಲಿಗೆ ಬಂದು ತಾಯಿ ಮಗಳು ಒಬ್ಬರ ಹಿಂದೊಬ್ಬರು ಸಾಲಾಗಿ ಓಡುವುದನ್ನು ನೋಡಿದರು, ಗಾಳಿಯಲ್ಲಿ ಛಂಗ್ ಅಂತ ಹಾರಿ ತಿರುಗುವುದನ್ನೂ ನೋಡಿದರು. ನಗು ನಿಂತಿತು. ಮರಿಯನ್ನು ಕೊಡಿ ಅಂದರು. ಜೋಡಿ ಒಡೆಯುವುದಿಲ್ಲ ಅಂದೆ. ಬೇರೆ ಕಡೆಯಿಂದ, ಬಿಟ್ಟುಹೋದ ಒಂದು ಹೆಣ್ಣನ್ನು ಕೊಡಿಸಿದೆ. ಮೊದಲು ಎರಡು ವಾರ ಬೇರೆ ಕೋಣೆಯಲ್ಲಿಡಿ, ರೋಗ ಇಲ್ಲ ಅಂತ ಗೊತ್ತಾದ ಮೇಲೆ ಯಾರದೂ ವಾಸನೆಯಿಲ್ಲದ ಹೊಸ ಜಾಗದಲ್ಲಿ ಭೇಟಿ ಮಾಡಿಸಿ ಅಂತ ಹೇಳಿ ಕಳಿಸಿದೆ.

ಈಗ ಆ ಹುಡುಗ ಆಗಾಗ ಫೋನ್ ಮಾಡುತ್ತಾನೆ. ಕಳೆದ ಸಲ ಉಗುರು ಕತ್ತರಿಸುವುದು ಹೇಗೆ ಅಂತ ಕೇಳಿದ. ಮುಂಗಾಲಿಗೆ ನಾಲ್ಕು ನಾಲ್ಕು, ಹಿಂಗಾಲಿಗೆ ಮೂರು ಮೂರು, ಒಟ್ಟು 14 ಉಗುರು. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಗೆರೆ ಕಾಣುತ್ತದೆ, ಅದು ರಕ್ತನಾಳ, ಅದನ್ನು ಬಿಟ್ಟು ತುದಿ ಮಾತ್ರ ಕತ್ತರಿಸಬೇಕು. ಬಹಳ ಬೆಳೆದಿದ್ದರೆ ನಾಳವೂ ಉದ್ದವಾಗಿರುತ್ತದೆ, ಒಂದೇ ದಿನಕ್ಕೆ ಗಿಡ್ಡ ಮಾಡಲು ಹೋಗಬೇಡ ಅಂದೆ. 'ಅಪ್ಪ ಹಿಡ್ಕೋತಾರೆ, ನಾನು ಕತ್ತರಿಸ್ತೀನಿ' ಅಂದ. ಅಪ್ಪ ಕತ್ತರಿಸಲಿ, ನೀನು ಸೊಪ್ಪು ತಿನ್ನಿಸು ಅಂದೆ.